ಗೋದಲಿಯ ಕಡೆಯಿಂದ ಕಂಡ ಎತ್ತುಗಳು

ನಮ್ಮ ಹೊಲಕ್ಕೆ ಹೋಗುವ ದಾರಿಯಲ್ಲಿ ಎದುರಿನಿಂದ ಯಾರಾದರೂ ಕೊಡ ಹೊತ್ತು ಬಂದರೆ ಇಬ್ಬರಲ್ಲಿ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ಎಡಕ್ಕೆ ನನ್ನ ಮೈದುನನ ನಾಲ್ಕು ಅಂತಸ್ತಿನ ಬಿಲ್ಡಿಂಗು, ಬಲಕ್ಕೆ ಯಾರದೋ ಕಾಂಪೌಂಡು. ನಡುವೆ ಒಂದು ತಿರುವು, ತಿರುವಿನಲ್ಲಿ ಮೋರಿ, ಮೋರಿಯ ಮೇಲೆ ಎರಡು ಕಲ್ಲು ಚಪ್ಪಡಿ. ಅದನ್ನು ದಾಟಿದರೆ ಇದ್ದಕ್ಕಿದ್ದಂತೆ ಒಂದೂವರೆ ಎಕರೆ ಕೆಂಪು ಮಣ್ಣು. ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಕ್ಕೆ ಬೆನ್ನು ಕೊಟ್ಟು ಕುಳಿತ ಊರು ನಮ್ಮದು. ಹೊಲದ ಒಂದು ಬದಿಗೆ ಪೀಜಿ, ಇನ್ನೊಂದು ಬದಿಗೆ ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡು, ಮೂರನೆಯ ಬದಿಗೆ ಗೋಡೌನು. ಮೊದಲ ಸಲ ಬಂದವರು, ಇಲ್ಲಿ ಹೊಲ ಹೇಗೆ ಬಂತು ಎಂದು ಕೇಳುತ್ತಾರೆ. ಹೊಲ ಎಲ್ಲಿಂದಲೂ ಬರಲಿಲ್ಲ, ಅದು ಇದ್ದಲ್ಲೇ ಇತ್ತು, ನೀವು ಬಂದಿರಿ ಎಂದು ನಾನು ಹೇಳುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರಿಗೆಲ್ಲ ಗೊತ್ತು.

ಆ ದಾರಿಯಲ್ಲಿ ಟ್ರ್ಯಾಕ್ಟರ್ ಹೋಗುವುದಿಲ್ಲ. ಹಿಂದೊಮ್ಮೆ ಪವರ್ ಟಿಲ್ಲರ್ ತರಿಸಿ ನೋಡಿದೆವು. ಅದು ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ಒಂದು ಚಪ್ಪಡಿಯನ್ನು ಮುರಿದು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಅರ್ಧ ದಿನ ಕೂತಿತು. ಬಾಡಿಗೆ ಮನೆಯವರೆಲ್ಲ ಅದರ ಮೇಲೆ ಹತ್ತಿ ಇಳಿದು ಕೆಲಸಕ್ಕೆ ಹೋದರು. ಅದರ ಯಜಮಾನ ಕೈಮುಗಿದು, "ಅಕ್ಕ, ಇನ್ನೊಂದ್ಸಲ ಕರೀಬೇಡಿ" ಎಂದು ಹೇಳಿ ಹೋದ. ಎತ್ತುಗಳಾದರೆ ಒಂದರ ಹಿಂದೆ ಒಂದು ನಡೆದು, ಮೋರಿಯ ಹತ್ತಿರ ತಲೆ ಬಗ್ಗಿಸಿ ನೋಡಿ, ಹೆಜ್ಜೆ ಎತ್ತಿಟ್ಟು ದಾಟುತ್ತವೆ. ಸುತ್ತಲಿನ ಊರುಗಳಲ್ಲಿ ಬೆಂಗಳೂರು ಬೆಳೆದು ಎತ್ತುಗಳು ಹೋದವು ಎನ್ನುತ್ತಾರೆ. ನಮ್ಮಲ್ಲಿ ಬೆಂಗಳೂರು ದಾರಿ ಮುಚ್ಚಿದ್ದರಿಂದಲೇ ಎತ್ತುಗಳು ಉಳಿದವು.

ನಮಗೂ ಬಾಡಿಗೆಗೆ ಕೊಟ್ಟ ಆರು ಕೋಣೆಗಳಿವೆ, ಸುಳ್ಳು ಹೇಳುವುದಿಲ್ಲ. ಬಾಡಿಗೆ ಬರುವಾಗ ಮಣ್ಣಲ್ಲಿ ಯಾಕೆ ಒದ್ದಾಡುತ್ತೀರಿ ಎಂದು ನೆಂಟರು ಕೇಳುತ್ತಲೇ ಇರುತ್ತಾರೆ. ಬಾಡಿಗೆ ಬರುತ್ತದೆ, ಆದರೆ ಬಾಡಿಗೆಯನ್ನು ಕಲಸಿ ಮುದ್ದೆ ಕಟ್ಟಲಾಗುವುದಿಲ್ಲ. ಹೊಲದಿಂದ ವರ್ಷಕ್ಕಾಗುವ ರಾಗಿ ಬರುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಹಾಕುತ್ತೇವೆ. ಬದುವಿನಲ್ಲಿ ನಾಲ್ಕು ನುಗ್ಗೆ, ಕೊಟ್ಟಿಗೆಯಲ್ಲಿ ಒಂದು ಹಸು. ಅಂಗಡಿಗೆ ಹೋದರೆ ನಾನು ತರುವುದು ಉಪ್ಪು, ಬೆಲ್ಲ, ಟೀಪುಡಿ, ಕಡ್ಡಿಪೆಟ್ಟಿಗೆ, ಇಂಥವು ಮಾತ್ರ. ಇನ್ನು ರಾಗಿಹುಲ್ಲು. ಹೊರಗಿನವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮಗೆ ಅದು ಅರ್ಧ ಬೆಳೆ. ರಾಗಿ ನಾವು ತಿನ್ನುತ್ತೇವೆ, ಹುಲ್ಲು ಎತ್ತುಗಳು ತಿನ್ನುತ್ತವೆ, ಎತ್ತುಗಳ ಗೊಬ್ಬರ ಹೊಲ ತಿನ್ನುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೆ ಉಳಿದ ಎರಡೂ ನಿಲ್ಲುವುದಿಲ್ಲ.

ಎತ್ತುಗಳು ಎರಡೂ ಬೂದು ಬಿಳುಪಿನ ಹಳ್ಳಿಕಾರ್ ತಳಿ. ಹದಿನಾಲ್ಕು ವರ್ಷದ ಹಿಂದೆ ಜೋಡಿಯಾಗಿಯೇ ಬಂದವು, ಆಗ ಎಳೆಯ ಹೋರಿಗಳು. ಒಂದು ಇನ್ನೊಂದಕ್ಕಿಂತ ಎರಡು ಬೆರಳು ಎತ್ತರವಿತ್ತು, ಅದು ದೊಡ್ಡೋನು, ಇನ್ನೊಂದು ಸಣ್ಣೋನು. ಅದಕ್ಕಿಂತ ಚೆಂದದ ಹೆಸರು ಹುಡುಕಲು ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಉಳುವುದು, ಬಿತ್ತುವುದು, ಕಳೆ ಹೋಗಲು ಕುಂಟೆ ಹಾಯಿಸುವುದು ಗಂಡನ ಕೆಲಸ. ಮೇವು, ನೀರು, ಬೇಯಿಸಿದ ಹುರುಳಿ, ಸಗಣಿ ಬಾಚುವುದು ನನ್ನ ಕೆಲಸ. ಬೆಳಿಗ್ಗೆ ಫ್ಯಾಕ್ಟರಿಯ ಸೈರನ್ ಆಗುವ ಮೊದಲು ಮೇವು ಹಾಕುವ ಗೋದಲಿಯ ಮುಂದೆ ನಿಂತರೆ ಎರಡೂ ಮುಖಗಳು ಒಟ್ಟಿಗೆ ಏಳುತ್ತವೆ. ದೊಡ್ಡೋನ ಒಂದು ಕೊಂಬು ತುದಿಯಲ್ಲಿ ಸ್ವಲ್ಪ ಒಳಕ್ಕೆ ಬಾಗಿದೆ. ಸಣ್ಣೋನ ಹಣೆಯಲ್ಲಿ ಸುಳಿ ಇದೆ. ಹುರುಳಿ ಹಾಕಿದ ಮೇಲೆ ದೊಡ್ಡೋನು ನನ್ನ ಕೈಯನ್ನು ಮಣಿಕಟ್ಟಿನ ತನಕ ನೆಕ್ಕುತ್ತಾನೆ. ಬಳೆಗಳೂ ಶುಚಿಯಾಗುತ್ತವೆ. ಸಣ್ಣೋನಿಗೆ ಅಷ್ಟು ತಾಳ್ಮೆಯಿಲ್ಲ. ಗಂಡನಿಗೆ ಅವು ಎರಡು ಬೆನ್ನುಗಳು, ನನಗೆ ಎರಡು ಮುಖಗಳು ಎಂದು ನಾನು ಆಗಾಗ ಹೇಳಿ ನಗುತ್ತಿದ್ದೆ. ಆ ನಗೆಯೇ ಒಂದು ದಿನ ನನ್ನನ್ನು ಹೊಲದ ನಡುವೆ ನಿಲ್ಲಿಸುತ್ತದೆ ಎಂದು ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಗಂಡ ಫ್ಯಾಕ್ಟರಿಯಿಂದ ನಿವೃತ್ತನಾಗಿ ಒಂದು ವರ್ಷ ಕಳೆದಿತ್ತು. ಇಪ್ಪತ್ತೈದು ವರ್ಷ ಶಿಫ್ಟಿನ ಮೇಲೆ ಶಿಫ್ಟು ಮಾಡಿ, ಮಧ್ಯೆ ಉತ್ತು ಬಿತ್ತಿ, ಒಂದು ದಿನ ಬೀಳದವನು ಬಸ್ ಸ್ಟಾಪಿನ ಹತ್ತಿರ ಹೊಸದಾಗಿ ಹಾಕಿದ ಹಂಪಿನಲ್ಲಿ ಸ್ಕೂಟರಿನಿಂದ ಬಿದ್ದ. ಬಲಗಾಲಿನ ಮೂಳೆ ಮುರಿದು ಒಳಗೆ ಪ್ಲೇಟು ಕೂರಿಸಿದರು. ಮೂರು ತಿಂಗಳು ಕಾಲು ನೆಲಕ್ಕೆ ಊರಬಾರದೆಂದರು. ಹೊಲವನ್ನು ಆಗಲೇ ಎರಡು ಸಲ ಉತ್ತು, ಗೊಬ್ಬರ ಚೆಲ್ಲಿ ಇಟ್ಟಿದ್ದ. ಉಳಿದಿದ್ದು ಬಿತ್ತನೆ ಒಂದೇ. ಅವನು ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಕಿಟಕಿಯಿಂದ ಆಕಾಶ ನೋಡುತ್ತಿದ್ದ. ಆಕಾಶ ಅವನನ್ನೇ ನೋಡಿಕೊಂಡು ಬಂದಂತೆ ಒಂದು ಸಂಜೆ ಆರಿದ್ರ ಮಳೆ ಒಳ್ಳೆಯ ಹದವಾಗಿ ಬಿತ್ತು.

ರಾಗಿ ಬಿತ್ತುವ ಹದ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ ಇರುತ್ತದೆ. ಆಮೇಲೆ ಮೇಲ್ಮಣ್ಣು ಒಣಗಿ ಕಾಳು ಮೊಳೆಯುವುದಿಲ್ಲ. ನಾನು ಊರೆಲ್ಲ ಸುತ್ತಿದೆ. ಒಂದು ಕಾಲದಲ್ಲಿ ಮನೆಗೊಂದು ಜೋಡಿ ಎತ್ತು ಇದ್ದ ಊರಿನಲ್ಲಿ ಬಿತ್ತುವ ಕೂರಿಗೆ ಹೊಡೆಯಬಲ್ಲವರು ಸಿಕ್ಕಿದ್ದು ಇಬ್ಬರು. ಒಬ್ಬರ ಎದೆಗೆ ಆಗತಾನೆ ಸ್ಟೆಂಟ್ ಹಾಕಿದ್ದರು. ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. "ರಜಾ ಕೊಡಲ್ಲ ಕಣಮ್ಮಿ, ಇದ್ದಿದ್ರೆ ನಾನೇ ಓಡ್ಬತ್ತಿದ್ದೆ" ಎಂದು ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಲೇ ಅಂದರು. ಅವರ ಕಣ್ಣಿನಲ್ಲಿ ನಿಜವಾಗಿ ಆಸೆ ಇತ್ತು.

ಎರಡನೆಯ ದಿನ ಮನೆಗೆ ದನದ ದಲ್ಲಾಳಿ ಬಂದ. ನಾನು ಕರೆದಿರಲಿಲ್ಲ. ಗಂಡ ಫೋನ್ ಮಾಡಿ ಕರೆಸಿದ್ದ. ಟೀ ಕುಡಿದು, ಕೊಟ್ಟಿಗೆಗೆ ಹೋಗಿ, ಎರಡೂ ಎತ್ತುಗಳ ತುಟಿ ಬಿಡಿಸಿ ಹಲ್ಲು ನೋಡಿದ. ದೊಡ್ಡೋನು ತಲೆ ಕೊಡವಿದ.

ಗಂಡ ಅವನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಾಳಿದ್ದು ಬಾ. ಅಷ್ಟ್ರೊಳ್ಗೆ ಬಿತ್ನೆ ಆದ್ರೆ ಸರಿ, ಇಲ್ಲಾಂದ್ರೆ ಒಡ್ಕೊಂಡೋಗು."

ದಲ್ಲಾಳಿ ಹೋದ ಮೇಲೆ ನಾನು ಕುದಿದುಬಿಟ್ಟೆ. ಅವನು ಕೂಗಾಡಲಿಲ್ಲ. "ಬಿತ್ನೆ ಇಲ್ಲಾಂದ್ರೆ ಉಲ್ಲಿಲ್ಲ. ಉಲ್ಲಿಲ್ಲಾಂದ್ರೆ ವರ್ಸವೆಲ್ಲಾ ಏನ್ ಆಕ್ತೀಯ ಅವಕ್ಕೆ? ನನ್ ಕಾಲ್ನ ಆಕ್ತೀಯ?" ಎಂದ. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹದಿನಾಲ್ಕು ವರ್ಷದ ಎತ್ತುಗಳನ್ನು ಉಳುವುದಕ್ಕೆಂದು ಯಾರೂ ಕೊಳ್ಳುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. ಅವನ ಕಣ್ಣಲ್ಲಿ ನೀರು ಇತ್ತೆಂದು ಈಗ ಬರೆದರೆ ಓದಿ ಬೈಯುತ್ತಾನೆ, ಬೈಯಲಿ.

ನಾನೇ ಕೂರಿಗೆ ಹೊಡೆಯುತ್ತೇನೆ ಎಂದೆ.

ನಮ್ಮಲ್ಲಿ ಹೆಂಗಸರು ಬಿತ್ತನೆಯಲ್ಲಿ ಕೂರಿಗೆಯ ಬಟ್ಟಲಿಗೆ ಕಾಳು ಬಿಡಬಹುದು, ಬಿಡಲೇಬೇಕು. ಅತ್ತೆ ಇರುವವರೆಗೆ ಅತ್ತೆ ಬಿಡುತ್ತಿದ್ದರು, ಅವರು ಹೋದ ಮೇಲೆ ನಾನು. ಆದರೆ ಹೆಂಗಸು ಕೂರಿಗೆಯ ಹಿಡಿ ಮುಟ್ಟಿ ಎತ್ತು ಹೊಡೆದರೆ ಮಳೆ ಹೋಗುತ್ತದೆ ಎಂಬ ಮಾತೊಂದಿದೆ. ಗಂಡ ಅದನ್ನೇ ಮೆಲ್ಲಗೆ ಎತ್ತಿದ. ಊರ ಕೆರೆ ಮುಚ್ಚಿ ಸೈಟು ಮಾಡಿದಾಗ ಹೋಗದ ಮಳೆ ನಾನು ಹಿಡಿ ಮುಟ್ಟಿದರೆ ಹೋಗುತ್ತದೆಯೇ ಎಂದು ಕೇಳಿದೆ.

ಆದರೆ ಹಿಡಿ ನಾನು ಹಿಡಿದರೆ ಕಾಳು ಬಿಡುವವರು ಯಾರು? ನಮ್ಮ ಆರನೆಯ ಕೋಣೆಯಲ್ಲಿ ವಿಜಯಪುರದ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದರು, ಈಗಲೂ ಇದ್ದಾರೆ. ಆಕೆ ಬೊಮ್ಮಸಂದ್ರದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಾಳೆ. ಆ ವಾರ ಎರಡನೆಯ ಶಿಫ್ಟು, ಬೆಳಿಗ್ಗೆ ಬಿಡುವು. ನಲ್ಲಿಯ ಹತ್ತಿರ ನನ್ನ ಗೋಳು ಕೇಳಿದವಳು ಬಿಂದಿಗೆ ಕೆಳಗಿಟ್ಟಳು.

"ಅಕ್ಕಾರ, ಕೂರಿಗಿಗೆ ಕಾಳು ನಾ ಬಿಡ್ತೀನ್ರಿ. ಸಣ್ಣಾಕಿ ಇದ್ದಾಗಿಂದ ಬಿಟ್ಟೀನಿ. ಆರು ವರ್ಸ ಆತು ನೋಡ್ರಿ ಮಣ್ಣು ಮುಟ್ಟಿ, ಬರೇ ಗುಳಿಗಿ ಮುಟ್ಟೂದ ಆಗೈತಿ."

ಆಕೆಯನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು. ಬಿಂದಿಗೆ ಅಡ್ಡ ಬಂತು.

ಮಾರನೆಯ ಬೆಳಿಗ್ಗೆ, ಹದದ ಮೂರನೆಯ ದಿನ, ಎತ್ತುಗಳಿಗೆ ಹುರುಳಿ ಹಾಕಿ, ನೀರು ಕುಡಿಸಿ, ಹಗ್ಗ ಹಿಡಿದು ಹೊರಟೆ. ದೊಡ್ಡೋನು ಮುಂದೆ, ಸಣ್ಣೋನು ಹಿಂದೆ. ಹಾಲು ತರಲು ಹೊರಟ ಒಬ್ಬ ಹುಡುಗಿ ಗೋಡೆಗೆ ಅಂಟಿ ದಾರಿ ಬಿಟ್ಟಳು. ಮೋರಿಯ ಹತ್ತಿರ ದೊಡ್ಡೋನು ಎಂದಿನಂತೆ ನಿಂತು ನೋಡಿ ದಾಟಿದ. ಕೂರಿಗೆ, ನೊಗ ಎಲ್ಲ ಹೊಲದ ಮೂಲೆಯಲ್ಲಿ ಶೀಟಿನ ಮರೆಯಲ್ಲೇ ಇರುತ್ತವೆ. ಕೂರಿಗೆಯೆಂದರೆ ದೊಡ್ಡ ಯಂತ್ರವೇನಲ್ಲ. ಮೇಲೊಂದು ಮರದ ಬಟ್ಟಲು, ಅದರಿಂದ ಇಳಿಯುವ ನಾಲ್ಕು ಬಿದಿರಿನ ಕೊಳವೆ. ಬಟ್ಟಲಿಗೆ ಕಾಳು ಬಿಡುತ್ತಾ ಹೋದರೆ ಒಟ್ಟಿಗೆ ನಾಲ್ಕು ಸಾಲು ಮಣ್ಣಿಗೆ ಬೀಳುತ್ತದೆ. ಕೂರಿಗೆಗೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಬಾಳೆಹಣ್ಣಿನ ಅರ್ಧರ್ಧವನ್ನು ಎರಡೂ ಎತ್ತುಗಳ ಬಾಯಿಗಿಟ್ಟೆ. ಆರನೆಯ ಕೋಣೆಯಾಕೆ ರಾಗಿಯನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು.

ನೊಗ ಕಟ್ಟುವಾಗ ನಾನು ಬಹಳ ಎಚ್ಚರ ವಹಿಸಿದೆ. ಜೋಡಿ ಎತ್ತುಗಳಲ್ಲಿ ಯಾವುದು ಯಾವ ಕಡೆ ಎಂಬುದು ಮುಖ್ಯ, ಅಷ್ಟು ನನಗೂ ಗೊತ್ತಿತ್ತು. ಎಳೆಯದರಲ್ಲಿ ಪಳಗಿಸುವಾಗ ಯಾವ ಕಡೆ ಕಟ್ಟುತ್ತಾರೋ ಕೊನೆಯವರೆಗೆ ಅದೇ ಕಡೆ. ಕೊಟ್ಟಿಗೆಯಲ್ಲಿಯೂ ಅದೇ ಕ್ರಮದಲ್ಲಿ ಕಟ್ಟುತ್ತಾರೆ. ಕೊಟ್ಟಿಗೆಯಲ್ಲಿ ದೊಡ್ಡೋನು ಯಾವ ಕಡೆ? ನಾನು ಕಣ್ಣು ಮುಚ್ಚಿ ನೆನೆದೆ. ಬಲಗಡೆ. ಹನ್ನೊಂದು ವರ್ಷದಿಂದ ನನ್ನ ಬಲಗೈಯನ್ನೇ ಅವನು ನೆಕ್ಕುತ್ತಾನೆ. ಗಂಡನನ್ನು ಕೇಳುವ ಅಗತ್ಯವೇ ಕಾಣಲಿಲ್ಲ. ದೊಡ್ಡೋನನ್ನು ಬಲಕ್ಕೆ ಕಟ್ಟಿ, ಸಣ್ಣೋನನ್ನು ಎಡಕ್ಕೆ ಕಟ್ಟಿದೆ. ದೊಡ್ಡೋನು ಒಂದು ಸಲ ತಲೆ ತಿರುಗಿಸಿ ನನ್ನನ್ನು ನೋಡಿದ. ನಾನು ಅದನ್ನು ಪ್ರೀತಿ ಎಂದುಕೊಂಡೆ.

ನಾಲಗೆ ಲೊಟ್ಟೆ ಹೊಡೆದು, "ಬಾ ಬಾ ಬಾ" ಎಂದೆ. ಎತ್ತುಗಳು ಹೊರಟವು. ಆದರೆ ಅವು ನಡೆದ ಚೆಂದವನ್ನು ಏನು ಹೇಳಲಿ! ಒಂದು ಇನ್ನೊಂದನ್ನು ಭುಜದಿಂದ ತಳ್ಳುತ್ತದೆ, ಇನ್ನೊಂದು ಕತ್ತು ಓರೆ ಮಾಡುತ್ತದೆ, ಕೂರಿಗೆ ಒಮ್ಮೆ ಗೋಡೌನಿನ ಕಡೆಗೆ, ಒಮ್ಮೆ ಪೀಜಿಯ ಕಡೆಗೆ ಎಳೆಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಎರಡು ಎತ್ತುಗಳೇ ಸೇರಿ ನಿಜ ಮಾಡಿದವು. ಪೀಜಿಯ ಬಾಲ್ಕನಿಗಳಲ್ಲಿ ಬ್ರಶ್ ಬಾಯಿಗಿಟ್ಟುಕೊಂಡು ನಿಂತಿದ್ದ ಹುಡುಗರು ಮೊಬೈಲ್ ಎತ್ತಿದರು. "ಆಂಟಿ, ಸಕ್ಕತ್!" ಎಂದು ಒಬ್ಬ ಕೂಗಿದ. ಸಕ್ಕತ್ತಂತೆ!

ಹೇಗೋ ಆ ತುದಿ ಮುಟ್ಟಿದೆವು. ಅಲ್ಲಿ ಎಡಕ್ಕೆ ತಿರುಗಿ ವಾಪಸ್ಸು ಬರಬೇಕು. ತಿರುಗುವಾಗ ಒಳಬದಿಯ ಎತ್ತು ನಿಂತಲ್ಲೇ ಹೆಜ್ಜೆ ಬದಲಿಸಬೇಕು, ಹೊರಬದಿಯದು ಸುತ್ತಿ ಬರಬೇಕು. ನಮ್ಮದರಲ್ಲಿ ಹೊರಬದಿಗಿದ್ದ ದೊಡ್ಡೋನು ಕಂಬದ ಹಾಗೆ ನಿಂತುಬಿಟ್ಟ. ಒಳಬದಿಗಿದ್ದ ಸಣ್ಣೋನು ಮುಂದಕ್ಕೆ ನುಗ್ಗಿದ. ನೊಗ ಅಡ್ಡವಾಯಿತು, ಹಗ್ಗ ಸಿಕ್ಕುಬಿತ್ತು, ಕೂರಿಗೆ ಮಗುಚಿ ಬಟ್ಟಲಿನ ರಾಗಿ ಒಂದೇ ಕಡೆ ಸುರಿಯಿತು. ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ದೊಡ್ಡೋನು ಕದಲಲಿಲ್ಲ. ಬಿಸಿಲು ಏರುತ್ತಿತ್ತು, ಹದ ಆರುತ್ತಿತ್ತು, ನಾಳೆ ಬೆಳಿಗ್ಗೆ ದಲ್ಲಾಳಿ ಬರುತ್ತಾನೆ, ಮೇಲಿಂದ ಹುಡುಗರು ನಗುತ್ತಿದ್ದಾರೆ. ನಿನಗೋಸ್ಕರವೇ ಅಲ್ಲವೇನೋ ಇದೆಲ್ಲ, ನಿನ್ನನ್ನು ಉಳಿಸಿಕೊಳ್ಳುವುದಕ್ಕಲ್ಲವೇನೋ ಎಂದು ಕೂಗಿ, ಬಾರುಕೋಲು ಬೀಸಿ ದೊಡ್ಡೋನ ಬೆನ್ನಿಗೆ ಬಿಟ್ಟೆ. ಒಂದಲ್ಲ, ಎರಡು ಏಟು. ಅವನ ಚರ್ಮ ನಡುಗಿತು. ಆದರೂ ಅವನು ನಿಂತೇ ಇದ್ದ.

"ಹೊಡೀಬ್ಯಾಡ್ರೀ ಅಕ್ಕಾರ!" ಆಕೆ ಓಡಿಬಂದು ನನ್ನ ಕೈ ಹಿಡಿದಳು. "ಅವು ತುಡುಗು ಎತ್ತಲ್ರಿ. ಏನೋ ನಮ್ಮದ ತಪ್ಪಾಗೈತಿ. ಮನಿಯಾಗ ಯಜಮಾನ್ರಿಗೆ ತೋರ್ಸೂಣು ತಡೀರಿ."

ಆಕೆಯೇ ಮೊಬೈಲಿನಲ್ಲಿ ನನ್ನ ಗಂಡನಿಗೆ ವಿಡಿಯೋ ಕಾಲ್ ಮಾಡಿ ಎತ್ತುಗಳ ಕಡೆ ಹಿಡಿದಳು. ಮೊದಲು ಅವನ ಗಡ್ಡ ಕಂಡಿತು, ಆಮೇಲೆ ಕಣ್ಣು ಕಿರಿದು ಮಾಡಿದ ಮುಖ.

"ಇನ್ನೂ ಅತ್ರ ಇಡಮ್ಮ. ಕೊಂಬ್ ತೋರ್ಸು. ಆಂ..." ಮುಖ ಪರದೆಗೆ ಇನ್ನಷ್ಟು ಹತ್ತಿರ ಬಂತು. ಆಮೇಲೆ, "ಅಯ್ಯೋ ನಿನ್ ಮನೆ ಕಾಯ್ವಾಗ! ದೊಡ್ಡೋನ್ನ ಬಲಕ್ಕ್ ಕಟ್ಟಿದ್ದೀಯಲ್ಲೇ! ಅವ್ನು ಎಡಗಡೆಯೋನು ಕಣೇ!"

"ಸುಮ್ನಿರ್ರಿ," ಎಂದೆ ನಾನು. "ಅನ್ನೊಂದ್ ವರ್ಸದಿಂದ ನೋಡ್ತಿವ್ನಿ, ದೊಡ್ಡೋನು ಬಲಗಡೆನೇ ನಿಲ್ಲೋದು."

"ಎಲ್ ನಿಂತ್ಕೊಂಡ್ ನೋಡ್ತೀಯೇ?"

"ಎಲ್ಲಿ ಅಂದ್ರೆ? ಗೋದ್ಲಿ ಮುಂದೆ..."

ನನಗೆ ನನ್ನ ಎರಡು ಕೈಗಳೂ ಬೇರೆ ಯಾರವೋ ಎನಿಸಿತು. ಎದುರು ನಿಂತವಳ ಬಲ, ಅವುಗಳ ಎಡ. ಹನ್ನೊಂದು ವರ್ಷ ನಾನು ನೋಡಿದ್ದು ಮುಖಗಳನ್ನು. ಕಾಳು ಬಿಡುವಾಗ ಅವುಗಳ ಹಿಂದೆಯೇ ನಡೆದಿದ್ದೆ, ನಿಜ. ಆದರೆ ಆಗ ಬಟ್ಟಲಿನಿಂದ ಕಣ್ಣು ತೆಗೆದರೆ ಸಾಲು ಖಾಲಿ ಬೀಳುತ್ತದೆ. ಹಿಂದಿನಿಂದ ನನಗೆ ಆ ಎರಡೂ ಬಾಲಗಳು ಒಂದೇ. ಫೋನಿನೊಳಗೆ ಗಂಡ ನಗುತ್ತಿದ್ದ. ಅಪಘಾತವಾದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು, ಹಾಸಿಗೆ ಅಲುಗಾಡುವಷ್ಟು. ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅನ್ನುವುದಷ್ಟೇ ಅಲ್ಲ, ನೆಲಕ್ಕೆ ಎರಡು ಬಾರಿಸಿಯೂ ಬಿಟ್ಟಿದ್ದೆ.

ನನಗೆ ನಗು ಬರಲಿಲ್ಲ. ದೊಡ್ಡೋನು ಮೊಂಡು ಮಾಡಿದ್ದಲ್ಲ. ಎಡಕ್ಕೆ ತಿರುಗುವಾಗ ನಿಲ್ಲು ಎಂದು ಅವನಿಗೆ ಎಳೆಯದರಲ್ಲೇ ಕಲಿಸಿದ್ದರು, ಅವನು ನಿಂತ. ಏಟು ಬಿದ್ದಾಗಲೂ ಕಲಿತದ್ದನ್ನು ಬಿಡಲಿಲ್ಲ. ಇಪ್ಪತ್ತೈದು ವರ್ಷ ಶಿಫ್ಟು ತಪ್ಪಿಸದ ಮನುಷ್ಯನ ಹೆಂಡತಿ ನಾನು, ಈ ಗುಣ ಎಂಥದೆಂದು ಗುರುತು ಹಿಡಿಯಬೇಕಿತ್ತು. ನೊಗ ಬಿಚ್ಚಿ, ಅವನನ್ನು ಸುತ್ತಿಸಿಕೊಂಡು ಎಡಕ್ಕೆ ತಂದೆ. ಬೆನ್ನ ಮೇಲೆ ಎರಡು ಬಾಸುಂಡೆ ಎದ್ದಿತ್ತು. ಅದರ ಮೇಲೆ ಅಂಗೈ ಇಟ್ಟು, "ತಪ್ಪಾಯ್ತು ಕಣಪ್ಪ" ಎಂದೆ. ಬಾಲ್ಕನಿಯ ಹುಡುಗರು ಕೇಳಿಸಿಕೊಂಡರೋ ಏನೋ, ನನಗೆ ಯಾರ ಪರಿವೆಯೂ ಇರಲಿಲ್ಲ. ಅತ್ತುಬಿಟ್ಟೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ನಾನು ಹಿಡಿ ಹಿಡಿದಿದ್ದೆ ಅಷ್ಟೇ, ಹೊಡೆದದ್ದು ನಾನಲ್ಲ. ಸಾಲು ಎಲ್ಲಿ ಆರಂಭಿಸಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಬದುವಿನ ನುಗ್ಗೆಗೆ ಕೊಂಬು ತಾಗದಂತೆ ಕತ್ತು ಬಗ್ಗಿಸಬೇಕು, ಎಲ್ಲ ಅವಕ್ಕೆ ಗೊತ್ತಿತ್ತು. ತುದಿಗೆ ಬಂದ ಕೂಡಲೇ ದೊಡ್ಡೋನು ನಿಲ್ಲುತ್ತಿದ್ದ, ಸಣ್ಣೋನು ಸುತ್ತುತ್ತಿದ್ದ, ನಾನು ಕೂರಿಗೆಯನ್ನು ಎತ್ತಿ ಇಳಿಸುವಷ್ಟರಲ್ಲಿ ಎರಡೂ ಸರಿಯಾದ ಸಾಲಿಗೆ ಬಂದು ಕಾಯುತ್ತಿದ್ದವು. ಹಿಂದೆ ಆಕೆಯ ಬೆರಳುಗಳಿಂದ ರಾಗಿ ಸಣ್ಣಗೆ ಇಳಿಯುತ್ತಿತ್ತು. ಅಕ್ಕಡಿ ಸಾಲು ಬಂದಾಗ ಅವರೆ, ತೊಗರಿಗೆ ಕೈ ಬದಲಿಸುತ್ತಿದ್ದಳು. ನಡುನಡುವೆ ತನ್ನ ಊರಿನ ಬಿಳಿಜೋಳದ ಹೊಲದ ಮಾತು ತೆಗೆಯುತ್ತಿದ್ದಳು. ಶಿಫ್ಟಿನ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆಕೆ ಉಡಿ ಕೊಡವಿ, ಕೈಯ ಮಣ್ಣು ತೊಳೆಯದೆಯೇ ಬಸ್ಸಿಗೆ ಓಡಿದಳು. ಫ್ಯಾಕ್ಟರಿಯಲ್ಲಿ ಒಳಗೆ ಬಿಡುವ ಮೊದಲು ಎರಡು ಸಲ ಕೈ ತೊಳೆಸುತ್ತಾರಂತೆ, ಅಲ್ಲಿಯವರೆಗಾದರೂ ಮಣ್ಣು ಇರಲಿ ಎಂದಳು.

ಸಂಜೆ ಕೊಟ್ಟಿಗೆಗೆ ಹುರುಳಿ ತೆಗೆದುಕೊಂಡು ಹೋಗುವಾಗ ನನಗೆ ಭಯವಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಹುರುಳಿ ಹಾಕಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನೆಕ್ಕಿಸಿಕೊಳ್ಳುವ ಯೋಗ್ಯತೆ ಆ ದಿನ ಆ ಕೈಗಿಲ್ಲ ಎನಿಸಿತು. ದೊಡ್ಡೋನು ಹುರುಳಿ ಮುಗಿಸಿ, ತಲೆ ಎತ್ತಿ, ಕೈ ಎಲ್ಲಿ ಎಂದು ಹುಡುಕಿದ. ಕೊಡದಿದ್ದಾಗ ಮೂಗಿನಿಂದ ನನ್ನ ಮೊಣಕೈ ತಿವಿದ. ನಾನು ಕೈ ಚಾಚಿದೆ. ಬಾರುಕೋಲು ಹಿಡಿದ ಅದೇ ಬಲಗೈಯನ್ನು ಅವನು ಎಂದಿನಂತೆ ಮಣಿಕಟ್ಟಿನ ತನಕ ನೆಕ್ಕಿದ.

ಮಾರನೆಯ ದಿನ ಬೆಳಿಗ್ಗೆ ದಲ್ಲಾಳಿ ಬಂದಾಗ ನಾನೂ ಆರನೆಯ ಕೋಣೆಯಾಕೆಯೂ ಹೊಲದಲ್ಲಿ ಉಳಿದ ಸಾಲುಗಳನ್ನು ಮುಗಿಸುತ್ತಿದ್ದೆವು. ಗಂಡನೇ ಮಂಚದಿಂದ ಅವನನ್ನು ಬರಿಗೈಯಲ್ಲಿ ಕಳಿಸಿದನಂತೆ. "ಎತ್ತು ಮನೇಲಿಲ್ಲ, ಕೆಲ್ಸಕ್ಕೋಗವೆ" ಎಂದನಂತೆ. ಆ ಮಾತನ್ನು ಅವನು ನನಗೆ ನಾಲ್ಕು ಸಲ ಹೇಳಿದ, ನಾನು ನಾಲ್ಕು ಸಲವೂ ಹೊಸದಾಗಿ ಕೇಳಿದೆ.

ರಾಗಿ ಹುಟ್ಟಿ ಗೇಣುದ್ದ ಆದಾಗ ಅವನನ್ನು ಮೈದುನನ ಮನೆಯ ಲಿಫ್ಟಿನಲ್ಲಿ ಟೆರೇಸಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದೆ. ಮೇಲಿನಿಂದ ಇಡೀ ಹೊಲ ಹಸಿರು ಗೆರೆ ಎಳೆದ ಪುಸ್ತಕದ ಹಾಗೆ ಕಾಣುತ್ತಿತ್ತು, ಪೀಜಿಯ ಕಡೆಯ ಮೊದಲ ನಾಲ್ಕು ಸಾಲು ಬಿಟ್ಟು. ಆ ನಾಲ್ಕು ಸಾಲು ಹಾವು ಹರಿದ ಹಾಗೆ ಆ ಕಡೆ ಈ ಕಡೆ ಹೊರಳಿ, ತುದಿಯಲ್ಲಿ ರಾಗಿ ಸುರಿದ ಕಡೆ ಒಂದು ದಟ್ಟ ಗುಡ್ಡೆಯಾಗಿ ನಿಂತಿದ್ದವು.

"ಕುಡುಕ ಬಿತ್ತಿದಂಗೈತೆ," ಎಂದ ಗಂಡ. "ಕುಂಟೆ ಆಯಿಸ್ದಾಗ ಕಿತ್ತಾಕ್ಬುಡ್ತೀನಿ."

"ಮುಟ್ಟಿದ್ರೆ ನೋಡಿ," ಎಂದೆ. ಅವನು ಮುಟ್ಟಲಿಲ್ಲ. ಕಾಲು ಗುಣವಾಗುವ ಹೊತ್ತಿಗೆ ಕುಂಟೆಯನ್ನೂ ನಾನೇ ಹಾಯಿಸಿ ಮುಗಿಸಿದ್ದೆ. ಆ ನಾಲ್ಕು ಸಾಲಿನ ತೆನೆ ಉಳಿದವುಗಳಷ್ಟೇ ತೂಗಿದವು. ಮಣ್ಣಿಗೆ ನನ್ನ ಅವಮಾನದ ಸುದ್ದಿ ತಲುಪಿರಲಿಲ್ಲ.

ಸುಗ್ಗಿ ಮುಗಿದು ಹುಲ್ಲು ಬಣವೆ ಹಾಕಿದ ಮೇಲೆ ದಲ್ಲಾಳಿ ಇನ್ನೊಮ್ಮೆ ಬಂದ. ಎತ್ತುಗಳಿಗೆ ವಯಸ್ಸಾಯಿತು, ಮುಂದಿನ ವರ್ಷ ಏನು ಮಾಡುತ್ತೀರಿ ಎಂದು ಕೇಳಿದ. ಗಂಡ ಊರುಗೋಲಿನಿಂದ ನನ್ನನ್ನು ತೋರಿಸಿದ. "ನನ್ನೇನ್ ಕೇಳ್ತೀಯ? ಅವ್ಳನ್ ಕೇಳು."

ನಾನು ಬಣವೆ ತೋರಿಸಿದೆ. "ಅವರ ಊಟ ಅವರೇ ಬೆಳ್ಕೊಂಡವ್ರೆ. ಅದ್ರ ಜೊತೆ ನಮ್ದೂವೆ. ನಾಳೆ ದುಡಿಯಾಕಾಗ್ದಿದ್ರೂ ಅವ್ರು ಕೂತ್ಕೊಂಡ್ ತಿನ್ಲಿ, ನಾವ್ ನೋಡ್ಕೋತೀವಿ. ಟೀ ಕುಡ್ಕೊಂಡ್ ಓಗಿ."

ಅವನು ಟೀ ಕುಡಿದು ಹೋದ. ಆಮೇಲೆ ನಮ್ಮ ಮನೆಯ ಕಡೆ ಬಂದಿಲ್ಲ. ಆ ಎತ್ತುಗಳು ಆಮೇಲೆಯೂ ಒಂದು ಸುಗ್ಗಿ ದುಡಿದವು. ಈಗ ಹೊಸ ಜೋಡಿ ಇದೆ, ಅದನ್ನು ಪಳಗಿಸುವಾಗ ಎಡ ಯಾವುದು ಬಲ ಯಾವುದು ಎಂದು ನಾನೇ ನಿಂತು ಹೇಳಿದೆ, ಹಿಂದೆ ನಿಂತು. ದೊಡ್ಡೋನು, ಸಣ್ಣೋನು ಕೊಟ್ಟಿಗೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಮೆಲುಕು ಹಾಕುತ್ತಾ ಇದ್ದಾರೆ.

ಆ ವರ್ಷದ ಹೊಸ ರಾಗಿಯ ಮೊದಲ ಹಿಟ್ಟಿನಲ್ಲಿ ಮೂರು ಮುದ್ದೆ ಮೊದಲು ಕಟ್ಟಿದೆ. ಒಂದನ್ನು ಅವರೆಕಾಳಿನ ಸಾರಿನ ಜೊತೆ ಆರನೆಯ ಕೋಣೆಗೆ ಕೊಟ್ಟೆ. ಆಕೆ ಮುದ್ದೆಯನ್ನು ರೊಟ್ಟಿಯಂತೆ ಅಗಿದು ತಿಂದಳು, ನಾನು ಬೈದೆ, ನುಂಗಬೇಕು ಎಂದು ಕಲಿಸಿದೆ. ಉಳಿದ ಎರಡನ್ನು ಬಿಸಿ ಆರಿಸಿಕೊಂಡು ಗೋದಲಿಯ ಮುಂದೆ ನಿಂತೆ. ಎರಡು ಮುಖಗಳು ಒಟ್ಟಿಗೆ ಎದ್ದವು. ಅಲ್ಲಿಂದ ನೋಡಿದರೆ ದೊಡ್ಡೋನು ಈಗಲೂ ನನ್ನ ಬಲಕ್ಕೇ ಇರುತ್ತಾನೆ. ಬಲಗೈಯ ಮುದ್ದೆಯನ್ನು ಅವನ ಬಾಯಿಗಿಟ್ಟು, ಅವನು ಅದನ್ನು ನುಂಗಿ ಕೈ ನೆಕ್ಕಿ ಮುಗಿಸುವ ತನಕ ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.